ಹದಿನಾಲ್ಕು ಕಲ್ಲು, ಮೂರು ಸೆಕೆಂಡು

“ಒಂಬತ್ತನೆತ್ತಿ ಫೇಲಾದವನ ಕೈಯಾಗ ಕಂಪ್ಯೂಟರ್ ಕೊಟ್ರ ಹಿಂಗ ಆಗ್ತೈತಿ ನೋಡ್ರಿ. ಕುರಿ ಕಾಯೋರ ಹರಟಿ, ಟ್ರ್ಯಾಕ್ಟರ್ ಹೊಡಿಯೋರ ಹರಟಿ, ಎಲ್ಲಾ ತಂದು ಇದರ ಹೊಟ್ಟಿಗೆ ತುರುಕ್ಯಾನ. ಅದಕ್ಕೂ ಪಾಪ ಅಜೀರ್ಣ ಆಗೈತಿ.”

ಅಮೋಘಸಿದ್ದ ಸಾಹೇಬರು ಇದನ್ನು ಮೈಕಿನಲ್ಲಿ ಹೇಳಿದರು. ರೋಣದ ಆ ಸಭಾಭವನದಲ್ಲಿ ಅರವತ್ತು-ಎಪ್ಪತ್ತು ಮಂದಿ ಇದ್ದರು; ಅಧಿಕಾರಿಗಳು, ಹೊಳೆಸಾಲಿನ ಊರುಗಳ ಹಿರಿಯರು. ಎಲ್ಲರೂ ನಕ್ಕರು. ಚಹಾ ಹಂಚುವವನೂ ತಟ್ಟೆ ಹಿಡಿದುಕೊಂಡೇ ನಕ್ಕ. ಒಂಬತ್ತನೆಯ ತರಗತಿಯಲ್ಲಿ ನಾನು ಫೇಲಾಗಿರಲಿಲ್ಲ, ಶಾಲೆ ಬಿಟ್ಟಿದ್ದೆ. ಎದ್ದು ನಿಂತು ಅಷ್ಟಾದರೂ ಹೇಳಬೇಕೆನಿಸಿತು. ಆದರೆ ಗೋಡೆಯ ಮೇಲಿನ ಪರದೆಯಲ್ಲಿ, ಕಂಪ್ಯೂಟರ್ ಕಾಯಿಸುವಾಗ ತಿರುಗುವ ಆ ದರಿದ್ರ ಚಕ್ರ ಇನ್ನೂ ಸುತ್ತುತ್ತಲೇ ಇತ್ತು. ಅದರ ಮುಂದೆ ನಿಂತು ಏನು ಮಾತಾಡಿದರೂ ನಗೆಪಾಟಲೇ.

ಅದು ನಾವು ಒಂದೂವರೆ ವರ್ಷ ಕೂತು ಮಾಡಿದ ಯಂತ್ರ. ಮೇಲಿನ ಡ್ಯಾಮಿನಿಂದ ಮಲಪ್ರಭೆಗೆ ನೀರು ಬಿಟ್ಟಾಗ ದಂಡೆಯ ಯಾವ ಮನೆ, ಯಾವ ಹೊಲ, ಯಾವ ದಾರಿ ಎಷ್ಟು ಹೊತ್ತಿಗೆ ಮುಳುಗುತ್ತದೆ, ಅಲ್ಲಿದ್ದವರು ಯಾವ ಕಡೆಯಿಂದ ಹೊರಬೀಳಬೇಕು ಎಂದು ಅದು ಹೇಳಬೇಕಿತ್ತು. ಹೇಳಿ, ತಾನೇ ಅವರ ಮೊಬೈಲಿಗೆ ಫೋನ್ ಮಾಡಬೇಕಿತ್ತು. ಈಗ ಎಲ್ಲರ ಬಾಯಲ್ಲಿರುವ, ಕೇಳಿದ್ದಕ್ಕೆಲ್ಲ ಅಂದಾಜು ಹೊಡೆದು ಸವಿಸವಿಯಾಗಿ ಉತ್ತರ ಕೊಡುವ ಎಐ ಅಲ್ಲ ಇದು. ಇದಕ್ಕೆ ನಿಯಮಗಳನ್ನು ಒಂದೊಂದಾಗಿ ಹೇಳಿಕೊಡಬೇಕು. ಅದು ಒಂದನ್ನು ಇನ್ನೊಂದಕ್ಕೆ ಜೋಡಿಸಿ ವಿಚಾರ ಮಾಡುತ್ತದೆ. ಯಾಕೆ ಹಾಗೆ ಹೇಳಿದೆ ಎಂದು ಕೇಳಿದರೆ ಕಾರಣ ಕೊಡುತ್ತದೆ.

ಆ ನಿಯಮಗಳನ್ನು ತಂದವನು ನಾನು, ಭೀಮೇಶ. ಊರು ಹೊಳೆಮಣ್ಣೂರ, ರೋಣದ ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಅಂಗಡಿ. ಈ ಯಂತ್ರ ಮಾಡಿಸುತ್ತಿದ್ದ, ನರಗುಂದದಲ್ಲಿ ಕಚೇರಿ ಇದ್ದ ಸಂಸ್ಥೆಯವರಿಗೆ ಊರೂರು ಅಡ್ಡಾಡಿ ಮಂದಿಯ ಮಾತು ಬರೆದುಕೊಳ್ಳುವವನೊಬ್ಬ ಬೇಕಿತ್ತು. ಅಮೋಘಸಿದ್ದ ಸಾಹೇಬರು ಆ ಸಂಸ್ಥೆಗೆ ದೊಡ್ಡವರು. ಬೆಳವಣಕಿಯ ಟ್ರ್ಯಾಕ್ಟರಿನವರನ್ನು, ಹೊಳೆಯಲ್ಲಿ ಬಟ್ಟೆ ಒಗೆಯುವವರನ್ನು, ಕುರಿಯವರನ್ನು ಮಾತಾಡಿಸಿ ನಾನು ಸಾವಿರದ ನೂರಾ ನಲವತ್ತು ನಿಯಮ ತಂದೆ. ಹಳ್ಳಕ್ಕೂ ನೀರು ಬಂದು ಹೊಳೆಯೂ ಏರುತ್ತಿದ್ದರೆ ತಗ್ಗಿನ ದಾರಿಯಲ್ಲಿ ಟ್ರ್ಯಾಕ್ಟರ್ ಹೋದೀತು, ಬಂಡಿ ಹೋಗದು. ಇಂಥವು. ಒಂದೂ ಹರಟೆಯಲ್ಲ. ಪ್ರತಿಯೊಂದರ ಹಿಂದೆಯೂ ಯಾರದೋ ಎತ್ತು ಹೋಗಿದೆ, ಯಾರದೋ ಗೋಡೆ ಬಿದ್ದಿದೆ.

ಅವತ್ತು ಹಳೆಯ ಒಂದು ಮಹಾಪೂರದ ಅಂಕಿಗಳನ್ನು ಹಾಕಿ ಯಂತ್ರವನ್ನು ಎಲ್ಲರ ಮುಂದೆ ಓಡಿಸಿದ್ದೆವು. ಆ ಪೂರದಲ್ಲಿ ತಗ್ಗಿನ ದಾರಿ ಮುಳುಗಲು ನಲವತ್ತು ನಿಮಿಷ ಹಿಡಿದಿತ್ತು. ಯಂತ್ರ ಉತ್ತರ ಕೊಡಲು ನಲವತ್ತೇಳು ನಿಮಿಷ ತೆಗೆದುಕೊಂಡಿತು. ಉತ್ತರ ಅಕ್ಷರಶಃ ಸರಿ ಇತ್ತು. ಏಳು ನಿಮಿಷ ತಡವಾಗಿತ್ತು, ಅಷ್ಟೇ. ಆ ಏಳು ನಿಮಿಷದಲ್ಲಿ ಮಂದಿ ಸಾಯುತ್ತಾರೆ.

ಸಭೆ ಮುಗಿದ ಮೇಲೆ ನನ್ನ ಹತ್ತಿರ ಬಂದವನು ಮಾಳಪ್ಪ ಒಬ್ಬನೇ. ನಮ್ಮೂರಿನ ಕುರಿಯವ. ಚಿಕ್ಕಂದಿನಿಂದ ಮಾವ ಎಂದೇ ಕರೆದವನು. ನನ್ನ ನಿಯಮಗಳಲ್ಲಿ ನೂರಕ್ಕೂ ಹೆಚ್ಚು ಅವನ ಬಾಯಿಂದ ಬಂದಿದ್ದವು.

“ಏನ್ಲೇ ಭೀಮ್ಯಾ, ನಿನ್ನ ಮಿಷನ್ ನಮ್ಮ ಮುದಿ ಟಗರಿನಂಗ ನಡುದಾರ್ಯಾಗ ನಿಂತಬಿಡ್ತಲ್ಲೋ.”

“ಮಾವ, ಈ ವರ್ಷ ನೀ ಹೊಳಿ ಹೊಲದಾಗ ಕುರಿ ಕೂಡಿಸಬ್ಯಾಡ.”

“ಹೊಲದವರಿಗೆ ಮಾತು ಕೊಟ್ಟೇನಿ. ಮತ್ತ ನಿನ್ನ ಫೋನ್ ಬರ್ತೈತೆಲ್ಲ, ನಾ ಯಾಕ ಅಂಜಲಿ? ವರ್ಷಾ ಮುಗಿಲ ನೋಡ್ಕೋತ, ಮುಗಿಲ ಕಪ್ಪಾತಂದ್ರ ಗಂಟು ಕಟ್ಟಿ ಓಡ್ಕೋತ ಸಾಕಾಗೈತಿ ನನಗ. ಈ ವರ್ಷ ನೀ ಹೇಳಿದಾಗ ಏಳ್ತೀನಿ.”

ಅವನು ನಕ್ಕು ಹೋದ. ಹೊಳೆಗೂ ಹಳ್ಳಕ್ಕೂ ನಡುವೆ ಒಂದು ಪಟ್ಟಿ ಎರೆಹೊಲವಿದೆ. ಹಿಂಗಾರಿ ಜೋಳಕ್ಕೆಂದು ಮಳೆಗಾಲವಿಡೀ ಅದನ್ನು ಖಾಲಿ ಬಿಡುತ್ತಾರೆ. ಗೊಬ್ಬರವಾಗಲಿ ಎಂದು ಮಾಳಪ್ಪನೂ ಅವನ ಹೆಂಡತಿ ಸಕ್ಕೂಬಾಯಿಯೂ ಅಲ್ಲಿ ಕುರಿ ಕೂಡಿಸುತ್ತಾರೆ. ನಮ್ಮ ಯಂತ್ರದ ಪಟ್ಟಿಯಲ್ಲಿ ಎಲ್ಲರಿಗಿಂತ ತಗ್ಗಿನಲ್ಲಿರುವವರು ಅವರಿಬ್ಬರೇ. ಇಷ್ಟು ವರ್ಷ ಅವರನ್ನು ಕಾಪಾಡಿದ್ದು ಅವರ ಅಂಜಿಕೆ. ಆ ಅಂಜಿಕೆಯನ್ನು ನಾನು ಕಸಿದುಕೊಂಡಿದ್ದೆ. ಬದಲಿಗೆ ಕೊಟ್ಟದ್ದು ಏಳು ನಿಮಿಷ ತಡವಾಗಿ ಬಾಯಿ ಬಿಡುವ ಒಂದು ಡಬ್ಬಿ.

ಮಳೆಗಾಲಕ್ಕೆ ಇನ್ನು ಎರಡು ತಿಂಗಳಿತ್ತು.

ಊರಿಗೆ ಹೋದವನು ಸೀದಾ ಹೊಳೆದಂಡೆಗೆ ಹೋಗಿ ಕೂತೆ. ಅಲ್ಲಿ ಜಮಾಲಸಾಬ ಇದ್ದ. ಎಪ್ಪತ್ತರ ಮುದುಕ, ದಂಡೆಯ ಮೇಲಿನ ಹದಿನಾಲ್ಕು ಮಂದಿಯ ಪಂಪುಸೆಟ್ಟುಗಳನ್ನು ನೋಡಿಕೊಳ್ಳುವವನು. ಹೊಳೆ ಏರಿದರೆ ಯಾರ ಪಂಪು ಮುಳುಗುತ್ತದೋ ಅವರಿಗೆ ಹೇಳಿ ಮೇಲೆ ಎಳೆಸಬೇಕು. ಹುಚ್ಚಿಗೆ ಬಿದ್ದವನಂತೆ ನಾನು ಎಲ್ಲರನ್ನೂ ಕೇಳುತ್ತಿದ್ದ ಪ್ರಶ್ನೆಯನ್ನೇ ಅವನನ್ನೂ ಕೇಳಿದೆ.

“ಕಾಕಾ, ನೀರು ಏರೂ ಮುಂದ ಯಾರ ಪಂಪ್ ಮೊದಲ ಮುಳಗ್ತೈತಿ ಅಂತ ಹ್ಯಾಂಗ ಲೆಕ್ಕಾ ಮಾಡ್ತಿ?”

“ನೀರು ಏರೂ ಮುಂದ ಲೆಕ್ಕಾ ಮಾಡ್ಕೋತ ನಿಂತವ ತಾನೂ ಮುಳಗ್ತಾನ ಮಗನ.” ಅವನು ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡ. “ಬಾ ಇಲ್ಲಿ.”

ದಂಡೆಯ ಮೇಲೆ ಅಲ್ಲೊಂದು ಇಲ್ಲೊಂದು ಕಲ್ಲಿದ್ದವು. ಬನ್ನಿ ಗಿಡದ ಬೇರಿನಲ್ಲಿ ಒಂದು, ಬಟ್ಟೆ ಒಗೆಯುವ ಹಾಸುಗಲ್ಲಿನ ಹಿಂದೆ ಒಂದು, ಜಾಲಿ ಮುಳ್ಳಿನೊಳಗೆ ಒಂದು. ಹುಟ್ಟಿದಾಗಿನಿಂದ ನೋಡಿದ್ದೆ. ಬರೀ ಕಲ್ಲು ಎಂದುಕೊಂಡಿದ್ದೆ.

“ಈ ಕಲ್ಲಿಗೆ ನೀರು ಮುಟ್ತಂದ್ರ ಇನಾಯತನ ಪಂಪ್. ಇನಾಯತಗ ಫೋನ್ ಹಚ್ತೀನಿ. ಆ ಕಲ್ಲಂದ್ರ ಅಲ್ಲಾವುದ್ದೀನಂದು. ಲೆಕ್ಕಾ ಎಲ್ಲಾ ಬ್ಯಾಸಗ್ಯಾಗ ಮುಗಿಸಿ ಕಲ್ಲು ಹುಗದಿರ್ತೀನಿ. ಮಳಿಗಾಲದಾಗ ಬರೇ ನೋಡೂದು. ಒಂದು ಕಲ್ಲು ಮುಟ್ಟಿದಾಗ ಉಳಿದ ಹದಿಮೂರು ಮಂದಿ ಸುದ್ದಿ ನನಗ್ಯಾಕ?”

“ಹಳ್ಳಕ್ಕೂ ನೀರು ಬಂದಿದ್ರ? ಆಗ ಹೊಳಿ ಲಗೂ ಏರ್ತೈತೆಲ್ಲ?”

ಅವನು ಬಗ್ಗಿ ಒಂದು ಹರಳು ಎತ್ತಿ ಕಲ್ಲಿನ ಮೇಲಿಟ್ಟ. “ಹಳ್ಳಕ್ಕ ನೀರು ಬಂತಂದ್ರ ಹಿಂಗ ಒಂದು ಹರಳು ಇಡ್ತೀನಿ. ಅರ್ಧಾ ವಿಚಾರ ಆತು, ಅದನ್ನ ಇಲ್ಲೇ ಬಿಟ್ಟೆ. ಹೊಳಿ ನೀರು ಬಂದಾಗ ಹರಳು ಐತೋ ಇಲ್ಲೋ ಅಷ್ಟ ನೋಡೂದು. ಹರಳಿತ್ತಂದ್ರ ಅವನಿಗೂ ಅವನ ಮ್ಯಾಲಿನವನಿಗೂ ಕೂಡೇ ಫೋನ್. ಮತ್ತ ಮೊದಲಿಂದ ಯಾವ ಮಗಾ ವಿಚಾರ ಮಾಡ್ತಾನ?”

ಯಾವ ಮಗ ಎಂದರೆ ನಮ್ಮ ಯಂತ್ರ. ನೀರಿನ ಹೊಸ ಮಟ್ಟ ಬಂದಾಗಲೆಲ್ಲ ಅದು ಹಿಂದಿನದನ್ನೆಲ್ಲ ಮರೆತು ಸಾವಿರದ ನೂರಾ ನಲವತ್ತು ನಿಯಮಗಳನ್ನೂ ಮುನ್ನೂರು ಮನೆಗಳಿಗೆ ಒಂದೊಂದಾಗಿ ಹಚ್ಚಿ ಮೊದಲಿನಿಂದ ನೋಡುತ್ತಿತ್ತು. ನೀರು ಒಂದು ಗೇಣು ಏರಿದರೆ ಊರ ಮೇಲ್ಗಡೆಯ ಗುಡಿಯೂ ಮುಳುಗುತ್ತದೋ ಎಂದು ತಪಾಸಣೆ. ಮೂರ್ಖತನಕ್ಕೂ ಒಂದು ಮಿತಿ ಬೇಡವೇ?

ಮರುದಿನ ಬೈಕ್ ಹತ್ತಿ ಸೂಡಿಯ ಮೇಲೆ ಹಾಯ್ದು ಗಜೇಂದ್ರಗಡಕ್ಕೆ ಹೋದೆ. ಯಂತ್ರದ ಕೋಡ್ ಬರೆದ ಭಾಗ್ಯಾಳ ಮನೆ ಅಲ್ಲಿ. ನನಗಿಂತ ಎರಡು ವರ್ಷ ದೊಡ್ಡವಳು, ಇಂಜಿನಿಯರಿಂಗ್ ಓದಿದವಳು. ಪಕ್ಕದ ಕೋಣೆಯಲ್ಲಿ ಅವಳ ಅಪ್ಪನ ಮಗ್ಗ ಬಡಿದುಕೊಳ್ಳುತ್ತಿತ್ತು.

“ಭಾಗ್ಯಕ್ಕ, ನಿಮ್ಮ ಮಿಷನ್ನಿಗೆ ಮರೆವು ಐತಿ.”

ಕಲ್ಲಿನ ಕಥೆ, ಹರಳಿನ ಕಥೆ ಎಲ್ಲ ಹೇಳಿದೆ. ಅವಳು ಮೊದಲು ನಕ್ಕಳು. ಆಮೇಲೆ ನಗು ನಿಲ್ಲಿಸಿ ಹಣೆ ಒತ್ತಿಕೊಂಡಳು.

“ಇದು ಪುಸ್ತಕದಾಗ ಐತಿ ಭೀಮೇಶ. ಇದಕ್ಕ ದೊಡ್ಡ ಹೆಸರೂ ಐತಿ. ಪರೀಕ್ಷಾದಾಗ ಬರದು ಹತ್ತಕ್ಕ ಒಂಬತ್ತ ಮಾರ್ಕ್ಸ್ ತಗೊಂಡೀನಿ ನಾ. ಇಲ್ಲಿ ಹಾಕ್ಬೇಕಂತ ಹೊಳಿಲೇ ಇಲ್ಲ ನೋಡು.”

“ಉಳಿದ ಒಂದು ಮಾರ್ಕ್ಸ್ ಜಮಾಲ ಕಾಕಾಗ ಕೊಡ್ರಿ.”

ಆರು ವಾರ ಕೆಲಸ ಮಾಡಿದೆವು. ಪ್ರತಿ ನಿಯಮವನ್ನೂ ಅದನ್ನು ಎಬ್ಬಿಸುವ ಸಂಗತಿಗೆ ಕಟ್ಟಿಹಾಕಿದಳು. ಹೊಸ ಸುದ್ದಿ ಬಂದರೆ ಅದಕ್ಕೆ ಕಟ್ಟಿದ ನಿಯಮಗಳಷ್ಟೇ ಏಳಬೇಕು, ಉಳಿದವು ಮಲಗಿರಬೇಕು. ಅರ್ಧ ಹೊಂದಿದ ನಿಯಮವನ್ನು ಒಗೆಯದೆ ಹಾಗೇ ಇಟ್ಟುಕೊಳ್ಳಬೇಕು. ನೆಲದ ಏರಿಳಿತದಂಥ, ನೀರಿಗೆ ಸಂಬಂಧವಿಲ್ಲದ ಲೆಕ್ಕವನ್ನೆಲ್ಲ ಮೊದಲೇ ಮಾಡಿಡಬೇಕು. ನಲವತ್ತೇಳು ನಿಮಿಷ ಹನ್ನೆರಡಕ್ಕಿಳಿಯಿತು. ನಾಲ್ಕಕ್ಕೆ ಬಂದು ಹಟ ಹಿಡಿದು ನಿಂತಿತು. ದಿನಗಟ್ಟಲೆ ನಿಂತಿತು. ನಾನು ಸಿಟ್ಟಿಗೆದ್ದು ಊರಿಗೆ ಹೋಗಿ ಓಣಿ ಓಣಿ ಸುತ್ತಿದೆ. ಒಂದು ಓಣಿಯವರು ಎದ್ದರೆ ಎಲ್ಲರೂ ಒಂದೇ ದಾರಿಯಲ್ಲಿ ಹೊರಬೀಳುತ್ತಾರೆ. ಮನೆ ಮನೆಗೂ ಬೇರೆ ದಾರಿ ಹುಡುಕುವುದು ಯಾಕೆ? ಮುನ್ನೂರು ಮನೆಗಳು ಇಪ್ಪತ್ತೆರಡು ಗುಂಪಾದವು. ಮಾಳಪ್ಪನ ಹೊಳೆ ಹೊಲ ತಾನೇ ಒಂದು ಗುಂಪು.

ಮೂರು ಸೆಕೆಂಡು.

ಒಂಬತ್ತು ಸಲ ಓಡಿಸಿ ನೋಡಿದೆವು. ಒಂಬತ್ತು ಸಲವೂ ಮೂರೇ. ನೀರಿನ ಮಟ್ಟಕ್ಕೆ ಜಮಾಲಸಾಬನ ಕಲ್ಲುಗಳನ್ನೇ ಹಿಡಿದೆವು. ನಾನು ಅವುಗಳಿಗೆ ಕೆಳಗಿನಿಂದ ಮೇಲಕ್ಕೆ ಒಂದರಿಂದ ಹದಿನಾಲ್ಕರವರೆಗೆ ನಂಬರು ಬರೆದು, ಒಂದೊಂದರ ಎತ್ತರ ಅಳೆದುಕೊಂಡು ಬಂದೆ. ನೀರು ಯಾವ ಕಲ್ಲು ಮುಟ್ಟಿತು ಎಂದು ದಂಡೆಯಲ್ಲಿದ್ದವನು ಫೋನ್ ಮಾಡಿದರೆ ಸಾಕು.

ಕೊನೆಯ ದಿನ ಭಾಗ್ಯಾ ಒಂದು ಮಾತು ಹೇಳಿದಳು. “ಮೊದಲ ಇದು ತಡಾ ಮಾಡಿದ್ರೂ ಪ್ರತಿ ಸಲ ಎಲ್ಲಾ ತಿರುಗಿ ನೋಡ್ತಿತ್ತು. ಈಗ ನೋಡೂದಿಲ್ಲ. ಬ್ಯಾಸಗ್ಯಾಗ ಖರೇ ಇದ್ದದ್ದು ಇವತ್ತೂ ಖರೇ ಅಂತ ನಂಬಿ ಓಡ್ತೈತಿ. ಅಲ್ಲಿ ಏನರ ಬದಲಾತಂದ್ರ ನೀನ ಹೇಳ್ಬೇಕು ಮತ್ತ.”

“ಹೂಂ ಹೂಂ” ಎಂದೆ. ನನ್ನ ತಲೆಯಲ್ಲಿ ಮೂರು ಸೆಕೆಂಡು ಬಿಟ್ಟರೆ ಬೇರೇನೂ ಇರಲಿಲ್ಲ. ಮೂರು ಸೆಕೆಂಡು, ಮೈಕು, ಮತ್ತು ನಗುವವರ ಬಾಯಿ ಮುಚ್ಚುವ ಆ ಒಂದು ಗಳಿಗೆ.

ಆಗಸ್ಟಿನಲ್ಲಿ ಎರಡನೆಯ ಸಲ ತೋರಿಸುವ ದಿನ ಗೊತ್ತಾಯಿತು. ಜಿಲ್ಲೆಯಿಂದ ಒಬ್ಬ ದೊಡ್ಡ ಅಧಿಕಾರಿ ರೋಣಕ್ಕೆ ಬರುವವರಿದ್ದರು. ಸಭೆ ಮುಗಿಸಿ ಸಂಜೆ ಹೊಳೆಮಣ್ಣೂರಿನ ದಂಡೆಯನ್ನೂ ನೋಡುವವರಿದ್ದರು. ಜಮಾಲಸಾಬನನ್ನು ವೇದಿಕೆಗೆ ಕರೆಸಿ ಶಾಲು ಹೊದಿಸುವುದೆಂದಾಯಿತು. ಅವನ ಬದಲಿಗೆ ಕಲ್ಲು ನೋಡಿ ಫೋನ್ ಮಾಡುವ ಕೆಲಸ ನಮ್ಮೂರಿನ ಹುಡುಗ ಮೌಲಾಸಾಬನಿಗೆ ಬಂತು. ಮೌಲಾ ಬಹಳ ಹುರುಪಿನವ.

ಹಿಂದಿನ ದಿನ ಮಧ್ಯಾಹ್ನ ಅವನ ಫೋನ್ ಬಂತು.

“ಭೀಮಣ್ಣಾ, ನಾಳೆ ಸಾಹೇಬ್ರು ಇಲ್ಲಿಗೂ ಬರ್ತಾರ. ಈ ಕಲ್ಲು ನೋಡಿದ್ರ ಒಂದಿಲ್ಲಿ ಒಂದಲ್ಲಿ, ಒಂದಂತೂ ಮುಳ್ಳಿನ್ಯಾಗ ಬಿದ್ದೈತಿ. ಚಲೋ ಕಾಣಂಗಿಲ್ಲ. ಸುಣ್ಣಾ ಹೊಡದು ಸಾಲಾಗಿ ಇಡ್ಲೇನು?”

ನಾನು ಆಗ ಅಂಗಡಿಯ ಕನ್ನಡಿಯ ಮುಂದೆ ನಿಂತು, ನಾಳೆ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡುತ್ತಿದ್ದೆ. ದೊಡ್ಡವರು ಬರುತ್ತಾರೆಂದರೆ ನಮ್ಮ ಕಡೆ ಕಲ್ಲಿಗೆ ಸುಣ್ಣ ಬೀಳುವುದು ಹೊಸತೇನಲ್ಲ. ಸುಣ್ಣ ಎಂದದ್ದು ಕಿವಿಗೆ ಬಿತ್ತು, ಸಾಲು ಎಂದದ್ದೂ ಬಿತ್ತು. ಎರಡೂ ಒಳಗೆ ಇಳಿಯಲಿಲ್ಲ.

“ಹೂಂ, ಚಂದ ಕಾಣಂಗ ಮಾಡು” ಎಂದೆ.

ಮರುದಿನ ಬೆಳಗಿನಿಂದ ಮೇಲೆ ಮಳೆ ಹಿಡಿದಿತ್ತು. ಡ್ಯಾಮಿನಿಂದ ನೀರು ಬಿಟ್ಟ ಸುದ್ದಿ ಹತ್ತಕ್ಕೇ ಬಂತು. ಹಳ್ಳಕ್ಕೂ ನೀರು ಬಂದಿತ್ತು. ಅಮೋಘಸಿದ್ದ ಸಾಹೇಬರ ಮುಖ ಅರಳಿತ್ತು.

“ಹಳೀ ಲೆಕ್ಕ ಹಾಕೂದ ಬ್ಯಾಡ ಈಗ. ಹೇಳಿ ಕಳಿಸಿದಂಗ ಹೊಳಿನ ಬಂದೈತಿ. ಖರೇ ನೀರಿಗೆ ಖರೇ ಉತ್ತರ ತೋರಿಸೂಣು.”

ಅದೇ ಸಭಾಭವನ, ಅದೇ ಮಂದಿ. ಹನ್ನೊಂದೂವರೆಗೆ ಮೌಲಾಸಾಬನ ದನಿ ಎಲ್ಲರಿಗೂ ಕೇಳಿಸಿತು: “ಆರನೇ ಕಲ್ಲು ಮುಟ್ಟೇತ್ರಿ!” ಭಾಗ್ಯಾ ಆರು ಒತ್ತಿದಳು. ಮೂರು ಸೆಕೆಂಡಿಗೆ ಪರದೆ ತುಂಬಿತು. ಎಲ್ಲ ಹಸಿರು. ಮೊದಲನೆಯ ಸಾಲು: ಹೊಳೆ ಹೊಲ, ಮಾಳಪ್ಪ. ಎರಡೂವರೆ ತಾಸು ಸಮಯವಿದೆ. ತಗ್ಗಿನ ದಾರಿ ತೆರೆದಿದೆ.

ಚಪ್ಪಾಳೆ ಬಿತ್ತು. ಮಾಳಪ್ಪನ ಫೋನಿಗೆ ಕರೆ ಹೋದದ್ದು, ಅದನ್ನು ಎತ್ತಿದ್ದು ಪರದೆಯ ಮೂಲೆಯಲ್ಲಿ ಕಾಣಿಸಿತು. ಅಧಿಕಾರಿಗಳು ತಲೆಯಾಡಿಸಿದರು. ನಾನು ಎದ್ದು ನಿಂತೆ. ಬಾಯಿಪಾಠ ಮಾಡಿದ ಮಾತು ನಾಲಿಗೆಯ ತುದಿಯಲ್ಲಿತ್ತು. ಆಗ ಜೇಬಿನಲ್ಲಿ ಫೋನ್ ಅದುರಿತು. ಮೌಲಾ ಫೋಟೋ ಕಳಿಸಿದ್ದ. ಕೆಳಗೆ ಬರೆದಿದ್ದ: ಹ್ಯಾಂಗ ಐತಿ ಅಣ್ಣಾ ಡೆಕೋರೇಶನ್?

ಬೆಳ್ಳಗೆ ಸುಣ್ಣ ಬಳಿದ ಹದಿನಾಲ್ಕು ಕಲ್ಲು. ಹೊಳೆಗೆ ಇಳಿಯುವ ಹಾದಿಯ ಪಕ್ಕದಲ್ಲಿ, ಕೆಳಗಿನಿಂದ ಊರಬಾಗಿಲವರೆಗೆ, ಅಳೆದು ಇಟ್ಟಂತೆ ಒಂದೇ ಸಾಲು. ಕೆಂಪು ಬಣ್ಣದಲ್ಲಿ ಒಂದು, ಎರಡು, ಮೂರು ಎಂದು ಹೊಸದಾಗಿ ಬರೆದ ನಂಬರು. ಕೆಳಗೆ ಎಲ್ಲೋ ಬನ್ನಿ ಗಿಡ. ಅದರ ಬುಡದಲ್ಲಿ ಕೆಂಪು ನೀರು.

ಆರಲ್ಲ. ಆ ಆರು ನಾನು ಎತ್ತರ ಅಳೆದು ಬರೆದ ಆರಲ್ಲ.

ನಾನು ಕುರ್ಚಿಗಳನ್ನು ದೂಡಿಕೊಂಡು ವೇದಿಕೆಗೆ ಹತ್ತಿ,  ಶಾಲು ಹೊದ್ದು ಕೂತಿದ್ದ ಜಮಾಲಸಾಬನ ಮುಂದೆ ಫೋನ್ ಹಿಡಿದೆ. ಅವನು ಕಣ್ಣು ಕಿರಿದು ಮಾಡಿ ನೋಡಿದ.

“ಇವು ನನ್ನ ಕಲ್ಲ ಅಲ್ಲ” ಎಂದ. ಫೋನ್ ಕಸಿದುಕೊಂಡು ಮೌಲಾನಿಗೇ ಹಚ್ಚಿದ. “ಮೌಲಾ, ನಂಬರ ಬಿಡು. ಬನ್ನಿ ಗಿಡದ ಬೇರಿಗೆ ನೀರು ಬಂದಾವೇನು?”

“ಬೇರು ಎಲ್ಲಿ ಬಿಡ್ರಿ ಕಾಕಾ, ಗಿಡದ ಬೊಡ್ಡಿ ಮೊಣಕಾಲು ಮಟಾ ಮುಳಿಗೈತಿ.”

ಜಮಾಲಸಾಬ ಕಣ್ಣು ಮುಚ್ಚಿದ. ಬೆರಳು ಮಡಚಿದ. “ಹನ್ನೊಂದು” ಎಂದ. “ಬೇರಿನ ಕಲ್ಲು ಹನ್ನೊಂದನೇದು. ಮುಟ್ಟಿ ಹೋಗೈತಿ.”

“ಏ, ಸಭಾ ನಡದೈತಿ, ಕೆಳಗ ಇಳೀಲೇ!” ಅಮೋಘಸಿದ್ದ ಸಾಹೇಬರು ಮೈಕ್ ಕೆಳಗಿಟ್ಟು ನನ್ನ ತೋಳು ಹಿಡಿದರು.

“ಸರ್, ನಂಬರ್ ತಪ್ಪೈತಿ. ಹನ್ನೊಂದು ಹಾಕ್ಬೇಕು. ಮಾಳಪ್ಪ ಅಲ್ಲೇ ಅದಾನ.”

“ಈಗ ಎಲ್ಲಾರ ಮುಂದ ಬದಲ್ ಮಾಡಿದ್ರ ಮಿಷನ್ನ ಸುಳ್ಳ ಅಂತಾರೋ. ಎರಡ ವರ್ಷದ ಕೆಲಸಾ ಮಣ್ಣಾಗ್ತೈತಿ.” ಅವರ ದನಿಯಲ್ಲಿ ಈಗ ಗದರಿಕೆ ಇರಲಿಲ್ಲ. “ಹತ್ತ ನಿಮಿಷ ತಡಿ. ಸಾಹೇಬ್ರು ಚಾಕ್ಕ ಏಳ್ಲಿ, ಆಮ್ಯಾಲೆ ಹಾಕೂಣು. ನಿನ್ನ ಕಾಲ ಬೀಳ್ತೀನಿ.”

ನಾನು ತೋಳು ಕೊಡವಿದೆ. ಬಾಯಿಗೆ ಬಂದದ್ದನ್ನು ಕಿರುಚಿದೆ, ಏನೆಂದು ನೆನಪಿಲ್ಲ. ಸಭೆ ಗುಜುಗುಜು ಎಂದಿತು. ಭಾಗ್ಯಾ ನನ್ನನ್ನೂ ಅವರನ್ನೂ ನೋಡಿದಳು. ಹಳೆಯ ಯಂತ್ರವಾಗಿದ್ದರೆ ಪೂರ್ತಿ ಮೊದಲಿನಿಂದ ಓಡಿ ನಲವತ್ತೇಳು ನಿಮಿಷ ತಿನ್ನುತ್ತಿತ್ತು. ಈಗ ಅದು ಬೇಕಿರಲಿಲ್ಲ. ಅವಳು ಆರನ್ನು ಅಳಿಸಿದಳು, ಆರಕ್ಕೆ ಕಟ್ಟಿದ್ದೆಲ್ಲ ಬಿಚ್ಚಿಕೊಂಡಿತು. ಹನ್ನೊಂದು ಒತ್ತಿದಳು.

ಆ ಮೂರು ಸೆಕೆಂಡು ಎಷ್ಟು ಉದ್ದವಿದ್ದವು ಎಂದು ಯಾವ ಗಡಿಯಾರವೂ ಹೇಳಲಾರದು.

ಪರದೆ ಕೆಂಪಾಯಿತು. ಹೊಳೆ ಹೊಲ, ಮಾಳಪ್ಪ. ಇಪ್ಪತ್ತೆರಡು ನಿಮಿಷ. ತಗ್ಗಿನ ದಾರಿ ಮುಳುಗಿದೆ. ಕಾಲುವೆ ಒಡ್ಡಿನ ಮೇಲೆ ಹೋಗಿ. ಅದರ ಕೆಳಗೆ, ಯಂತ್ರದ ಚಾಳಿಯಂತೆ, ಕಾರಣ: ಹೊಳೆ ಹನ್ನೊಂದು ದಾಟಿ ಹಳ್ಳಕ್ಕೂ ನೀರಿದ್ದರೆ ಕುರಿ ತಗ್ಗಿನಲ್ಲಿ ಇಳಿಯುವುದಿಲ್ಲ, ಒಡ್ಡಿನ ಮೇಲೆ ಹೊಡೆಯಬೇಕು. ಹೇಳಿದವರು: ಮಾಳಪ್ಪ, ಹೊಳೆಮಣ್ಣೂರ.

ಕರೆ ಹೋಯಿತು. ಎತ್ತಲಿಲ್ಲ. ಮತ್ತೆ ಹೋಯಿತು. ಎತ್ತಿದರು. ಮೊದಲನೆಯ ಕರೆಗೂ ಇದಕ್ಕೂ ನಡುವೆ ಒಂಬತ್ತು ನಿಮಿಷ ಕಳೆದಿತ್ತು. ಪರದೆಯೇ ಲೆಕ್ಕ ತೋರಿಸುತ್ತಿತ್ತು.

ನಾನು ಬೈಕ್ ಹತ್ತಿದೆ. ಮಳೆ ಮುಖಕ್ಕೆ ಹೊಡೆಯುತ್ತಿತ್ತು. ರೋಣದಿಂದ ನಮ್ಮೂರಿಗೆ ಮುಕ್ಕಾಲು ತಾಸು. ಇಪ್ಪತ್ತೆರಡು ನಿಮಿಷ ಹೊಲಗಳ ನಡುವೆ ಎಲ್ಲೋ ಮುಗಿದುಹೋದವು. ಎರಡು ಕಡೆ ನಿಂತು ಫೋನ್ ಹಚ್ಚಿದೆ. ರಿಂಗಾಗುತ್ತಿತ್ತು, ಯಾರೂ ಎತ್ತಲಿಲ್ಲ. ಸಾಹೇಬರನ್ನು ಬೈದೆ, ಮೌಲಾನನ್ನು ಬೈದೆ, ಆ ಅಧಿಕಾರಿಯ ಚಹಾವನ್ನು ಬೈದೆ. ಬೈಯಲು ಮಂದಿ ಮುಗಿದರು. ಆಗ ಅಂಗಡಿಯ ಕನ್ನಡಿಯಲ್ಲಿ ಬಾಯಿ ಆಡಿಸುತ್ತಿದ್ದ ಮುಖವೊಂದು ಕಣ್ಣ ಮುಂದೆ ಬಂದು ನಿಂತಿತು. ಬೈಕ್ ಓಡಿಸುತ್ತಲೇ ಇದ್ದೆ.

ಕಾಲುವೆ ಒಡ್ಡಿನ ಮೇಲೆ ಕುರಿಗಳು ಕಂಡವು. ತೊಯ್ದು ತೊಪ್ಪೆಯಾಗಿ, ಒಂದಕ್ಕೊಂದು ಒತ್ತಿ ನಿಂತಿದ್ದವು. ನಡುವೆ ಮಾಳಪ್ಪ, ಸೊಂಟದವರೆಗೆ ಕೆಸರು. ಕುಕ್ಕುರುಗಾಲಲ್ಲಿ ಕೂತು ಹೊಳೆಯ ಕಡೆ ನೋಡುತ್ತಿದ್ದ. ಸಕ್ಕೂಬಾಯಿ ಎರಡು ಮರಿಗಳನ್ನು ಎದೆಗವಚಿಕೊಂಡು ನಿಂತಿದ್ದಳು, ಮೂರನೆಯದು ಸೆರಗಿನಲ್ಲಿ. ಇಬ್ಬರೂ ಇದ್ದರು. ಬೈಕ್ ಅಲ್ಲೇ ಕೆಡವಿದೆ.

ಹೊಲ ಇರಲಿಲ್ಲ. ನೀರಿತ್ತು. ಮರಿಗಳನ್ನು ಕೂಡಿಹಾಕಿದ್ದ ಬಲೆಯ ಗೂಟದ ತುದಿಗಳು ಮಾತ್ರ ಕಾಣುತ್ತಿದ್ದವು, ಆಮೇಲೆ ಅವೂ ಕಾಣಲಿಲ್ಲ.

“ಎಷ್ಟು ಮಾವ?”

“ಹದಿನೇಳು ಮರಿ” ಎಂದ ಮಾಳಪ್ಪ.

ಒಡ್ಡಿನ ಅಂಚಿನಲ್ಲಿ ಒಂದು ಮರಿ ಕಾಲು ಜಾರಿ ಕೂಗುತ್ತಿತ್ತು. ಎತ್ತಿಕೊಂಡೆ. ಅದರ ಎದೆ ನನ್ನ ಅಂಗೈಯಲ್ಲಿ ದಡದಡ ಬಡಿದುಕೊಳ್ಳುತ್ತಿತ್ತು.

ಅಷ್ಟರಲ್ಲಿ ಸಾಹೇಬರ ಗಾಡಿಗಳು ಬಂದವು. ಊರ ಮಂದಿಯೂ ಸೇರಿತು, ಮೊಬೈಲುಗಳು ಮೇಲೆದ್ದವು. ಅಮೋಘಸಿದ್ದ ಸಾಹೇಬರು ಕೊಡೆಯ ಕೆಳಗಿನಿಂದ ಬಂದು ನನ್ನ ಹೆಗಲ ಮೇಲೆ ಕೈ ಹಾಕಿದರು.

“ಎರಡೂ ಜೀವ ಉಳಿದ್ವು ನೋಡ್ರಿ ಸರ್. ಮೂರು ಸೆಕೆಂಡ್! ಇವ ನಮ್ಮ ಹುಡುಗ ಭೀಮೇಶ. ಎಲ್ಲಾ ಇವನ ತಲಿ. ಹೇಳೋ ಭೀಮೇಶ, ಸಾಹೇಬ್ರಿಗೆ ಹೇಳು.”

ನಾನು ಬಾಯಿ ತೆರೆಯುವ ಮೊದಲು ಸಕ್ಕೂಬಾಯಿ ಮಂದಿಯನ್ನು ಸರಿಸಿಕೊಂಡು ಬಂದಳು. ಅವಳ ಕೈಯಲ್ಲಿ ಆ ಫೋನ್ ಇತ್ತು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದು.

“ಭೀಮ್ಯಾ, ಒಂದ ಮಾತು ಕೇಳ್ತೀನಿ, ನನಗ ತಿಳಿದಂಗ ಹೇಳು. ಮೊದಲ ಫೋನ್ ಬಂತು, ಎರಡೂವರಿ ತಾಸು ಐತಿ, ತಗ್ಗಿನ ದಾರಿ ಐತಿ ಅಂತು. ಹಂಗಾರ ದೊಡ್ಡ ಕುರಿ ದಾಟಿಸಿ ಬಂದು ಮರಿ ಒಯ್ಯೂಣು ಅಂತ ನಿಮ್ಮ ಮಾವ ಕುರಿ ಹೊಡಕೊಂಡು ಹೋದ. ಮರಿ ಬಲಿಯಾಗ ಬಿಟ್ವಿ. ಚಾಕ್ಕ ನೀರು ಇಟ್ಟಿದ್ದೆ ನಾ. ಆಮ್ಯಾಲೆ ಇನ್ನೊಂದ ಫೋನ್ ಬಂತು, ಇಪ್ಪತ್ತೆರಡ ನಿಮಿಷ ಅಂತು. ಅವನ ಹಿಂದ ಓಡಿ, ಕೂಗಿ, ತಗ್ಗಿಗೆ ಇಳಿದವನ್ನ ಹೊಳ್ಳಿಸಿ ಒಡ್ಡಿಗೆ ತರೂದರಾಗ ಹಿಂದ ಏನೂ ಉಳಿಲಿಲ್ಲ.” ಅವಳು ಉಸಿರು ತೆಗೆದುಕೊಂಡಳು. ಅಳುತ್ತಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದೇ ಕೇಳುತ್ತಿದ್ದಳು. “ಮಿಷನ್ ಒಂದ, ಹೊಳಿ ಒಂದ. ಆ ಫೋನಿಗೂ ಈ ಫೋನಿಗೂ ನಡುವ ಏನಾತೋ?”

“ಅದು ಟೆಕ್ನಿಕಲ್ ಐತವ್ವಾ...” ಎಂದರು ಸಾಹೇಬರು.

“ನಿಮ್ಮನ್ನ ಕೇಳಿಲ್ರಿ. ಅವನ್ನ ಕೇಳಾಕತ್ತೀನಿ.”

ಎಲ್ಲರೂ ನನ್ನನ್ನು ನೋಡಿದರು. ಮಂದಿಯ ಹಿಂದೆ ಮೌಲಾಸಾಬ ನಿಂತಿದ್ದ. ಅವನ ಬೆರಳುಗಳ ಸಂದಿಯಲ್ಲಿ ಸುಣ್ಣ ಇನ್ನೂ ಬೆಳ್ಳಗಿತ್ತು. ಅವನೂ ನನ್ನನ್ನೇ ನೋಡುತ್ತಿದ್ದ. ಅವನು ಬಾಯಿ ಬಿಡುವುದಿಲ್ಲ ಎಂದು ನನಗೆ ಗೊತ್ತಿತ್ತು. “ಚಂದ ಕಾಣಂಗ ಮಾಡು” ಎಂದದ್ದು ನಾನೇ ಎಂಬುದು ನಮ್ಮಿಬ್ಬರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ನಾನು ಕೈಯಲ್ಲಿದ್ದ ಮರಿಯನ್ನು ಸಕ್ಕೂಬಾಯಿಯ ಕಾಲ ಬಳಿ ಇಳಿಸಿದೆ. ಅದು ಕುರಿಗಳ ನಡುವೆ ನುಗ್ಗಿ ತಾಯಿಯನ್ನು ಹುಡುಕತೊಡಗಿತು. ಹೆಗಲ ಮೇಲಿನ ಕೈಯನ್ನು ತೆಗೆದೆ. ಬೈಕ್ ಬಿದ್ದ ಕಡೆ ಹೋಗಲಿಲ್ಲ. ಮೊಬೈಲ್ ಹಿಡಿದವರ ಸಾಲನ್ನು ಸೀಳಿಕೊಂಡು, ಒಡ್ಡಿನ ಮೇಲೆ ಮಳೆಯಲ್ಲಿ ನಡೆದೆ. “ಭೀಮ್ಯಾ, ಹೇಳಿ ಹೋಗೋ” ಎಂದು ಅವಳು ಕೂಗಿದ್ದು ಎರಡು ಸಲ ಕೇಳಿಸಿತು.